ಕಾಗೆ ಕಾಲು, ಗುಬ್ಬಿ ಕಾಲು

“ನೀನು ಕಂಪ್ಯೂಟರ್ ಕೆಲಸದವನಲ್ವಾ, ಇದನ್ನ ಓದೋದಕ್ಕೆ ಏನಾದ್ರೂ ಪ್ರೋಗ್ರಾಮ್ ಇರತ್ತಾ?” ಅಂತ ನಮ್ಮ ಓನರ್ ಅಜ್ಜಿ ಕೇಳಿದಾಗ ನಾನು ಎಡಿನ್‌ಬರಾಗೆ ಬಂದು ಎರಡು ತಿಂಗಳಾಗಿತ್ತು. ಡಿಸೆಂಬರ್ ತಿಂಗಳು. ಆ ಊರಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಅಂಗಡಿ ಮುಚ್ಚಿಕೊಂಡು ಹೋಗಿಬಿಡುತ್ತಾನೆ. ಆಮೇಲೆ ಮಲಗುವ ತನಕ ಏಳೆಂಟು ಗಂಟೆ ಬರೀ ಕತ್ತಲು. ನೋಡದೇ ಇರೋ ಸೀರೀಸ್ ಒಂದೂ ಉಳಿದಿರಲಿಲ್ಲ. ಅದಕ್ಕೇ ಹೂಂ ಅಂದೆ.

ಅಜ್ಜಿ ಐಪ್ಯಾಡನ್ನು ನನ್ನ ಕಡೆ ತಿರುಗಿಸಿದರು. ಕಂದು ಬಣ್ಣಕ್ಕೆ ತಿರುಗಿದ ಒಂದು ಪುಟದ ಫೋಟೋ. ಇಂಗ್ಲಿಷೇ ಅಂತೆ. ನನಗೆ ಕಂಡಿದ್ದು ಮಾತ್ರ ಮಸಿಯಲ್ಲಿ ಕಾಲದ್ದಿಕೊಂಡ ಕೋಳಿಯೊಂದು ಎಡದಿಂದ ಬಲಕ್ಕೆ ಮೂವತ್ತು ಸಲ ಓಡಾಡಿದ ಹಾಗೆ. ನಮ್ಮೂರ ಮೇಷ್ಟ್ರು ನನ್ನ ಕಾಪಿ ಪುಸ್ತಕ ನೋಡಿ “ಕಾಗೆ ಕಾಲು, ಗುಬ್ಬಿ ಕಾಲು” ಅಂತ ಬೈತಿದ್ರು. ಈ ಪುಟ ನೋಡಿದ್ದರೆ ನನ್ನನ್ನು ಖಂಡಿತ ಕ್ಷಮಿಸುತ್ತಿದ್ದರು.

ಅಜ್ಜಿಗೆ ವಂಶಾವಳಿಯ ಹುಚ್ಚು. ಅವರೊಬ್ಬರಿಗೇ ಅಲ್ಲ, ಸ್ಕಾಟ್ಲೆಂಡಿನಲ್ಲಿ ರಿಟೈರ್ ಆದ ಬಹಳ ಜನ ಇದನ್ನೇ ಮಾಡುತ್ತಾರೆ. ಅಲ್ಲಿ ಸರ್ಕಾರವೇ ಜನನ-ಮರಣ-ಮದುವೆ ನೋಂದಣಿ ಶುರುಮಾಡಿದ್ದು 1855ರ ಜನವರಿ 1ಕ್ಕೆ. ಅಲ್ಲಿಯ ತನಕ ಹಿಂದಕ್ಕೆ ಹೋಗುವುದು ಸುಲಭ. ಅದಕ್ಕಿಂತ ಹಿಂದೆ ಹೋಗಬೇಕೆಂದರೆ ಚರ್ಚಿನ ಪುಸ್ತಕಗಳೇ ಗತಿ. ಯಾರಿಗೆ ದೀಕ್ಷಾಸ್ನಾನ ಆಯಿತು, ಯಾರ ಮದುವೆಯ ಘೋಷಣೆ ಆಯಿತು ಅನ್ನುವ ಪ್ಯಾರಿಷ್ ರಿಜಿಸ್ಟರುಗಳು ಒಂದು ಕಡೆ. ಪರ್ತ್‌ಶೈರಿನ ಎರಲ್ ಅನ್ನುವ ಊರಿನದು 1553ರಿಂದ ಶುರುವಾಗುತ್ತದೆ, ಉಳಿದಿರುವುದರಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಇನ್ನೊಂದು ಕಡೆ ಕರ್ಕ್ ಸೆಷನ್ನಿನ ನಡವಳಿ ಪುಸ್ತಕಗಳು. 2021ರಲ್ಲಿ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್ ಈ ನಡವಳಿಗಳ ಫೋಟೋಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡುವ ಹಾಗೆ ಇಂಟರ್ನೆಟ್ಟಿಗೆ ಹಾಕಿತು. ಅಲ್ಲಿಂದ ಅಜ್ಜಿಯಂಥವರಿಗೆ ಹಬ್ಬ. ಆದರೆ ಹಾಕಿದ್ದು ಚಿತ್ರ ಮಾತ್ರ. ಹುಡುಕಲು ಸರ್ಚ್ ಬಾಕ್ಸ್ ಇಲ್ಲ. ಪುಟ ತಿರುವಿ ನಾವೇ ಓದಿಕೊಳ್ಳಬೇಕು.

ಕರ್ಕ್ ಅಂದರೆ ಸ್ಕಾಟರ ಬಾಯಲ್ಲಿ ಚರ್ಚು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಸೇಂಟ್ ಆಂಡ್ರೂಸ್ ಚರ್ಚಿನ ಮುಂದೆ ನೀವು ಟ್ರಾಫಿಕ್ಕಿನಲ್ಲಿ ನಿಂತಿರುತ್ತೀರಿ. 1866ರಲ್ಲಿ ಬಾಗಿಲು ತೆರೆದ ಆ ಸ್ಕಾಟಿಷ್ ಚರ್ಚನ್ನು ಹಳಬರು ಈಗಲೂ ‘ಕರ್ಕ್’ ಅಂತಲೇ ಕರೆಯೋದು. 1560ರಲ್ಲಿ ಸ್ಕಾಟ್ಲೆಂಡ್ ಪೋಪನನ್ನು ಬಿಟ್ಟು ಪ್ರಾಟೆಸ್ಟೆಂಟ್ ದಾರಿ ಹಿಡಿದ ಮೇಲೆ ಒಂದೊಂದೇ ಪ್ಯಾರಿಷ್ಷಿನಲ್ಲಿ ಒಂದು ಸೆಷನ್ ಹುಟ್ಟಿಕೊಂಡಿತು. ಪಾದ್ರಿ, ಜೊತೆಗೆ ಊರಿನ ಕೆಲವು ಹಿರಿಯರು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಕೂತು ಊರಿನ ನಡತೆಯನ್ನು ವಿಚಾರಿಸುವುದು ಅವರ ಕೆಲಸ. ಭಾನುವಾರ ಬಟ್ಟೆ ಒಗೆದವಳು, ಪ್ರಾರ್ಥನೆಯ ಹೊತ್ತಲ್ಲಿ ಕುಡಿಯುತ್ತಾ ಕೂತವನು, ಬೀದಿಯಲ್ಲಿ ಬೈದಾಡಿಕೊಂಡ ನೆರೆಯವರು, ಮದುವೆಗೆ ಮುಂಚೆ ಬಸುರಾದವಳು, ಎಲ್ಲರೂ ಬಂದು ನಿಲ್ಲಬೇಕು. ನಿಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿಗೆ ಪೊಲೀಸ್ ಸ್ಟೇಷನ್ನಿನ ಅಧಿಕಾರವನ್ನೂ ಮಠದ ಅಧಿಕಾರವನ್ನೂ ಒಟ್ಟಿಗೆ ಕೊಟ್ಟರೆ ಹೇಗಿರುತ್ತೋ ಹಾಗೆ.

ಶಿಕ್ಷೆ ಹೆಚ್ಚಾಗಿ ಮರ್ಯಾದೆಗೆ ಸಂಬಂಧಿಸಿದ್ದು. ಚರ್ಚಿನೊಳಗೆ ಪಶ್ಚಾತ್ತಾಪದ ಪೀಠ ಅಂತ ಒಂದು ಸ್ಟೂಲು ಇರುತ್ತಿತ್ತು. ಭಾನುವಾರ ಇಡೀ ಊರು ನೋಡುತ್ತಿರುವಾಗ ಅದರ ಮೇಲೆ ಕೂರಬೇಕು, ಇಲ್ಲಾ ನಿಲ್ಲಬೇಕು. ತಪ್ಪು ದೊಡ್ಡದಾದರೆ ಗೋಣಿತಟ್ಟಿನ ನಿಲುವಂಗಿ ತೊಟ್ಟು. ಎಡಿನ್‌ಬರಾದ ನ್ಯಾಷನಲ್ ಮ್ಯೂಸಿಯಮ್ಮಿನಲ್ಲಿ ಅಂಥ ಸ್ಟೂಲನ್ನೂ ಅಂಥ ಅಂಗಿಯನ್ನೂ ಇಟ್ಟಿದ್ದಾರೆ. ನಾನು ಬೆಳಿಗ್ಗೆ ಓಡಲು ಹೋಗುತ್ತಿದ್ದ ಡಡ್ಡಿಂಗ್‌ಸ್ಟನ್ನಿನ ಹಳೇ ಚರ್ಚಿನ ಗೇಟಿನ ಪಕ್ಕ ಒಂದು ಕಬ್ಬಿಣದ ಕೊರಳಪಟ್ಟಿ ಸರಪಳಿಯಲ್ಲಿ ನೇತಾಡುತ್ತದೆ. ಎಷ್ಟೋ ದಿನ ಅದನ್ನು ಕುದುರೆ ಕಟ್ಟುವ ಬಳೆ ಅಂದುಕೊಂಡಿದ್ದೆ. ಅದಕ್ಕೆ ಸಿಕ್ಕಿಸುತ್ತಿದ್ದದ್ದು ಮನುಷ್ಯರ ಕತ್ತು. ಇದು ಬರೀ ಬಡವರ ಪಾಡಲ್ಲ. ಕವಿ ರಾಬರ್ಟ್ ಬರ್ನ್ಸ್ ಕೂಡ 1786ರಲ್ಲಿ ಮಾಕ್ಲಿನ್ ಊರಿನ ಸೆಷನ್ನಿನ ಕೈಗೆ ಸಿಕ್ಕಿ, ಜೀನ್ ಆರ್ಮರ್ ಅನ್ನುವ ಹುಡುಗಿ ಬಸುರಾದದ್ದಕ್ಕೆ ಚರ್ಚಿನಲ್ಲಿ ಎಲ್ಲರೆದುರು ನಿಂತು ಬೈಸಿಕೊಂಡ. ಆ ಸೆಷನ್ನಿನ ಹಿರಿಯನೊಬ್ಬನ ಮೇಲೆ ಅವನು ಪದ್ಯ ಕಟ್ಟಿ ಸೇಡು ತೀರಿಸಿಕೊಂಡಿದ್ದು ಬೇರೆ ಕಥೆ. ಎರಡು ವರ್ಷದ ನಂತರ ಅದೇ ಸೆಷನ್ ಅವರಿಬ್ಬರ ಮದುವೆಯನ್ನು ಒಪ್ಪಿಕೊಂಡಿತು.

ಪದ್ಯ ಕಟ್ಟಲು ಬಾರದವರ ಕಡೆಯ ಮಾತು ಮಾತ್ರ ಎಲ್ಲೂ ಇಲ್ಲ. ಬಹಳಷ್ಟು ಸಾಮಾನ್ಯ ಹೆಂಗಸರ ಹೆಸರು ಇತಿಹಾಸದಲ್ಲಿ ಉಳಿದಿರುವುದೇ ಈ ಪುಸ್ತಕಗಳಲ್ಲಿ, ಅದೂ ಒಂದು ಆರೋಪದ ಪಕ್ಕದಲ್ಲಿ. ಅಜ್ಜಿಯ ಐಪ್ಯಾಡಿನಲ್ಲಿ ಇದ್ದದ್ದು ಅಂಥದೇ ಒಂದು ಪುಟ. ಫೈಫ್ ಕಡೆಯ ಒಂದು ಪ್ಯಾರಿಷ್, 1650ರ ದಶಕ. ಅಜ್ಜಿಯ ತಾಯಿ ಕಡೆಯ ಮನೆತನದ ಒಬ್ಬ ಹೆಂಗಸಿನ ಹೆಸರು ಅದರಲ್ಲಿದೆ ಅಂತ ಯಾರೋ ಹೇಳಿದ್ದರು. ಹೆಸರು ಇರುವ ಸಾಲನ್ನೇನೋ ಅಜ್ಜಿ ಪತ್ತೆ ಹಚ್ಚಿದ್ದರು. ಉಳಿದಿದ್ದು ಏನೂ ಗೊತ್ತಾಗುತ್ತಿರಲಿಲ್ಲ.

ಮೊದಲಿಗೆ ನಮ್ಮ ಜಾತಿಯವರು ಮಾಡುವುದನ್ನೇ ಮಾಡಿದೆ. ಕೈಬರಹ ಓದುವ ಒಂದು ಟೂಲಿಗೆ ಪುಟವನ್ನು ತಿನ್ನಿಸಿದೆ. ಅರ್ಧ ನಿಮಿಷದಲ್ಲಿ ಲಕ್ಷಣವಾದ ಇಂಗ್ಲಿಷ್ ಬಂತು. ತೊಂದರೆ ಅಂದರೆ ಅದು ತೀರಾ ಲಕ್ಷಣವಾಗಿತ್ತು. ಗೊತ್ತಾಗದ ಕಡೆ ‘ಗೊತ್ತಾಗಲಿಲ್ಲ’ ಅನ್ನದೆ, ಇವತ್ತಿನ ಇಂಗ್ಲಿಷಿನಲ್ಲಿ ಅಲ್ಲಿ ಹೊಂದಿಕೊಳ್ಳುವ ಒಂದು ಪದ ತಂದು ಕೂರಿಸಿತ್ತು. ಆ ಹೆಂಗಸು ‘ಡಿಲೇ’ ಆಗಿ ಬಂದಳು ಅಂತಿತ್ತು ಒಂದು ಕಡೆ. ಮೀಟಿಂಗಿಗೆ ಲೇಟಾಗಿ ಬಂದಿದ್ದಕ್ಕೆ ಇಷ್ಟೆಲ್ಲಾ ಗಲಾಟೆಯಾ ಅಂತ ನಾವಿಬ್ಬರೂ ನಕ್ಕೆವು. ಅಲ್ಲಿದ್ದ ನಿಜವಾದ ಪದ ‘ಡಿಲೇಟಿಟ್’. ಅಂದರೆ ಅವಳ ಮೇಲೆ ದೂರು ಬಂತು, ಯಾರೋ ಚಾಡಿ ಹೇಳಿದರು ಅಂತ. ಈ ಪುಸ್ತಕಗಳಲ್ಲಿ ಎರಡು ಪುಟಕ್ಕೊಮ್ಮೆ ಬರುವ ಪದ ಅದು. ಸರಿ, ನಾನೇ ಕಲಿತುಬಿಡ್ತೀನಿ ಅಂದೆ. ಎಂಟು ಪ್ರೋಗ್ರಾಮಿಂಗ್ ಭಾಷೆ ಕಲಿತವನಿಗೆ ಇಪ್ಪತ್ತಾರು ಅಕ್ಷರ ಏನು ಮಹಾ!

ಆ ಬರಹದ ಹೆಸರು ಸೆಕ್ರೆಟರಿ ಹ್ಯಾಂಡ್. 16 ಮತ್ತು 17ನೇ ಶತಮಾನದಲ್ಲಿ ಬ್ರಿಟನ್ನಿನ ಗುಮಾಸ್ತರು, ವಕೀಲರು, ವ್ಯಾಪಾರಿಗಳು ದಿನನಿತ್ಯ ಬಳಸುತ್ತಿದ್ದದ್ದು. ನಾವು ಶಾಲೆಯಲ್ಲಿ ನಾಲ್ಕು ಗೆರೆ ಪುಸ್ತಕದಲ್ಲಿ ಬರೆದ ಇಂಗ್ಲಿಷ್ ಇಟಲಿಯ ಕಡೆಯಿಂದ ಬಂದ ಇನ್ನೊಂದು ಬರಹದ ಮೊಮ್ಮಗು. ಅದು ನಿಧಾನಕ್ಕೆ ಇದನ್ನು ಓಡಿಸಿತು. ನ್ಯಾಷನಲ್ ರೆಕಾರ್ಡ್ಸಿನವರೇ ಪಾಠಗಳನ್ನು ಪುಕ್ಕಟೆ ಕೊಟ್ಟಿದ್ದಾರೆ. ನಾನು ಮೊದಲು ಕಲಿತ ಪಾಠ ಎಂದರೆ ಓದಲು ಹೋಗಬಾರದು ಅನ್ನುವುದು. ಪದ ಊಹಿಸಬೇಡ, ಒಂದೊಂದೇ ಅಕ್ಷರವನ್ನು ಚಿತ್ರದ ಹಾಗೆ ನೋಡು. ಖಚಿತವಾಗಿ ಗೊತ್ತಿರುವ ಪದಗಳನ್ನು, ಅಂದರೆ ತಿಂಗಳ ಹೆಸರು, ಊರಿನ ಹೆಸರು, ದೇವರ ಹೆಸರು, ಇವನ್ನು ಹುಡುಕಿ ಅದರಲ್ಲಿರುವ ಅಕ್ಷರಗಳನ್ನು ಬಿಡಿಸಿ ಆ ಗುಮಾಸ್ತನದೇ ಒಂದು ವರ್ಣಮಾಲೆ ಮಾಡಿಕೋ. ನಾನು ಎಕ್ಸೆಲ್ ಶೀಟ್ ಮಾಡಿದೆ. ಒಂದು ಸಾಲಿಗೆ ಒಂದು ಅಕ್ಷರ, ಪಕ್ಕದಲ್ಲಿ ಅದರ ಕತ್ತರಿಸಿದ ಚಿತ್ರಗಳು. ಎಸ್ ಅಕ್ಷರಕ್ಕೇ ನಾಲ್ಕು ಚಿತ್ರ ಬಂದವು.

ಇ ಅಕ್ಷರ ಕನ್ನಡಿಯೊಳಗೆ ಕಂಡ ಹಾಗೆ ಉಲ್ಟಾ. ಎಚ್ ಗೆರೆಯ ಮೇಲೆ ನಿಲ್ಲುವುದೇ ಇಲ್ಲ, ಬಾಲ ಬಿಟ್ಟುಕೊಂಡು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಸಿ ನೋಡಿದರೆ ನಮ್ಮ ಆರ್ ಹಾಗಿರುತ್ತೆ. ಪದದ ನಡುವಿನ ಎಸ್ ಉದ್ದಕ್ಕೆ ನಿಂತು ಎಫ್ ಥರ ಕಾಣುತ್ತೆ, ಕೊನೆಯ ಎಸ್ ಮುದುಡಿಕೊಂಡು ಗಂಟಾಗುತ್ತೆ. ಪ್ರಾಣ ತೆಗೆಯುವುದು ಬರೀ ಕಡ್ಡಿಗಳು. ಐ ಅಂದರೆ ಒಂದು ಕಡ್ಡಿ, ಅದರ ಮೇಲೆ ಚುಕ್ಕಿ ಇರಲೇಬೇಕು ಅಂತಿಲ್ಲ. ಎನ್ ಎರಡು ಕಡ್ಡಿ, ಯು ಕೂಡ ಎರಡು ಕಡ್ಡಿ, ಎಂ ಮೂರು. ಒಂದು ಪದದಲ್ಲಿ ಏಳು ಕಡ್ಡಿ ಸಾಲಾಗಿ ನಿಂತಿದ್ದರೆ ಬೇಲಿಯಲ್ಲಿ ಗೂಟ ಎಣಿಸಿದ ಹಾಗೆ ಬೆರಳಿಟ್ಟು ಎಣಿಸಿ, ಎಲ್ಲೆಲ್ಲಿ ಒಡೆಯಬೇಕು ಅಂತ ಯೋಚಿಸಬೇಕು.

ನಮ್ಮ ಹಳಗನ್ನಡದ ೞ ಮತ್ತು ಱ ಹೇಗೆ ಮರೆಯಾದವೋ ಹಾಗೆ ಇವರಲ್ಲೂ ಎರಡು ಅಕ್ಷರ ಕಳೆದುಹೋಗಿವೆ. ಒಂದು ‘ತಾರ್ನ್’, ನಮ್ಮ ಥ, ದ ಹತ್ತಿರದ ಉಚ್ಚಾರಕ್ಕೆ. ಬರೆಯುತ್ತಾ ಬರೆಯುತ್ತಾ ಅದು ವೈ ಥರ ಆಗಿಹೋಯಿತು. ಹಳೇ ಕಾಲದ ಲುಕ್ ಬರಲಿ ಅಂತ ಪಬ್ಬುಗಳ ಬೋರ್ಡಿನಲ್ಲಿ ‘ಯೀ ಓಲ್ಡ್’ ಅಂತ ಹಾಕಿರ್ತಾರಲ್ಲ, ಆ ‘ಯೀ’ ಅನ್ನುವ ಪದ ಯಾವತ್ತೂ ಇರಲೇ ಇಲ್ಲ. ಅದು ಬರೀ ‘ದಿ’. ಇನ್ನೊಂದು ‘ಯೋಖ್’, ಯ ಕಾರದ ಹತ್ತಿರದ್ದು. ಅದು ಝಡ್ ಥರ ಕಾಣುತ್ತಿತ್ತು. ಅಚ್ಚಿನ ಮೊಳೆಯಲ್ಲಿ ಯೋಖ್ ಇಲ್ಲದಿದ್ದಾಗ ಮುದ್ರಕರು ಝಡ್ಡನ್ನೇ ಹಾಕಿದರು. ಅದಕ್ಕೇ ಮೆನ್ಝೀಸ್ ಅಂತ ಬರೆಯುವ ಹೆಸರನ್ನು ಸ್ಕಾಟರು ‘ಮಿಂಗಿಸ್’ ಅನ್ನುತ್ತಾರೆ. ಇದನ್ನು ಓದಿದ ದಿನ ನನಗೆ ಥಟ್ಟನೆ ಹೊಳೆದದ್ದು ನಮ್ಮ ಕರ್ನಲ್ ಮೆಕೆಂಝಿ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿ, ಊರೂರಿನ ಶಾನುಭೋಗರ ಹತ್ತಿರ ಕೈಫಿಯತ್ತು ಬರೆಸಿಕೊಂಡ ಕಾಲಿನ್ ಮೆಕೆಂಝಿ, ಸ್ಕಾಟ್ಲೆಂಡಿನ ಸ್ಟಾರ್ನವೇ ಊರಿನವನು. ಅವನ ಹೆಸರಿನಲ್ಲಿರುವ ಝಡ್ ಕೂಡ ಇದೇ ಯೋಖ್. ಹಿಂದಿನವರು ಆ ಹೆಸರನ್ನು ಹೆಚ್ಚುಕಡಿಮೆ ‘ಮೆಕಿಂಗಿ’ ಅನ್ನುತ್ತಿದ್ದರು. ತಪ್ಪಾಗಿ ಓದಿದ ಅಕ್ಷರವೇ ಗೆದ್ದು, ಕೊನೆಗೆ ಆ ಮನೆತನದವರೇ ಅದನ್ನು ಒಪ್ಪಿಕೊಂಡುಬಿಟ್ಟರು.

ಗುಮಾಸ್ತರೇ ಗುಮಾಸ್ತರನ್ನು ತಪ್ಪಾಗಿ ಓದಿದ ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ಇಸವಿ ಬರೆಯುವಾಗ ಸಾವಿರ ಅನ್ನಲು ಸ್ಕಾಟರು ಜೆ, ಎ, ಜೆ ಅಂತ ಮೂರು ಅಕ್ಷರ ಹಾಕುತ್ತಾರೆ. ಯಾವ ಭಾಷೆಯಲ್ಲಿ ಅದು ಸಾವಿರ ಅಂತ ತಲೆ ಕೆರೆದುಕೊಂಡೆ. ಯಾವ ಭಾಷೆಯಲ್ಲೂ ಅಲ್ಲ. ರೋಮನ್ ಅಂಕಿಯಲ್ಲಿ ಒಂದು ಸಾವಿರ ಅಂತ ‘ಐ ಎಂ’ ಎಂದು ಬರೆಯುತ್ತಿದ್ದರು. ಅವಸರದಲ್ಲಿ ಬರೆದ ಎಂ ಅಕ್ಷರ ಒಡೆದು ‘ಎ ಜೆ’ ಥರ ಕಂಡಿದೆ. ಮುಂದಿನವನು ಕಂಡಂತೆ ನಕಲು ಮಾಡಿದ, ಅವನ ಮುಂದಿನವನು ಅವನನ್ನು ನೋಡಿ ಬರೆದ. ತಲೆಮಾರುಗಟ್ಟಲೆ ಕಾಪಿ ಪೇಸ್ಟ್ ಆಗಿ ಬಂದ ಬಗ್ ಅದು, ಕೊನೆಗೆ ಅದೇ ಸ್ಟ್ಯಾಂಡರ್ಡ್ ಆಯಿತು. ನಮ್ಮ ಆಫೀಸಿನ ಕೋಡಿನಲ್ಲೂ ಇಂಥವು ಬೇಕಾದಷ್ಟಿವೆ.

ಆಮೇಲೆ ಸಂಕ್ಷೇಪಗಳು. ನಮ್ಮ ಒತ್ತಕ್ಷರ ಕೆಳಗೆ ಹೋದರೆ ಇವರದು ಮೇಲೆ ಏರುತ್ತದೆ. ಪದದ ಮೊದಲೆರಡು ಅಕ್ಷರ ಬರೆದು, ಕೊನೆಯದನ್ನು ಚಿಕ್ಕದಾಗಿ ಮೇಲೆ ಹಾಕಿಬಿಟ್ಟರೆ ಮುಗಿಯಿತು, ನಡುವಿನದು ಓದುವವನ ತಲೆನೋವು. ಗುಮಾಸ್ತನನ್ನೂ ಬೈಯುವ ಹಾಗಿಲ್ಲ. ಬಹಳ ಕಡೆ ಊರಿನ ಶಾಲೆಯ ಮೇಷ್ಟ್ರೇ ಸೆಷನ್ನಿನ ಗುಮಾಸ್ತ. ಕೊಡುತ್ತಿದ್ದದ್ದು ಪುಡಿಗಾಸು. ಚಳಿಗಾಲದಲ್ಲಿ ಗರಿ ಹಿಡಿದ ಬೆರಳು ಮರಗಟ್ಟಿದ್ದರೂ ಬರೆಯಬೇಕು.

ಕಾಗುಣಿತದ ನಿಯಮ ಅನ್ನುವುದು ಇರಲಿಲ್ಲ. ಒಂದೇ ಪುಟದಲ್ಲಿ ಒಬ್ಬನ ಹೆಸರೇ ಮೂರು ಥರ. ಇವತ್ತು ಡಬ್ಲ್ಯು ಎಚ್ ಹಾಕುವ ಕಡೆ ಕ್ಯೂ ಯು ಎಚ್ ಹಾಕುತ್ತಾರೆ. ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು ಅಜ್ಜಿಯೇ. ಅವರದು ಫೈಫ್ ಕಡೆಯ ಮಾತು. ಮಗುವಿಗೆ ಈಗಲೂ ‘ಬೇರ್ನ್’ ಅನ್ನುತ್ತಾರೆ, ಗೊತ್ತು ಅನ್ನುವುದಕ್ಕೆ ‘ಕೆನ್’. ನಾನು ಅಕ್ಷರ ಬಿಡಿಸಿ ಬಿಡಿಸಿ ಹೇಳುವುದು, ಅವರು ಅದನ್ನು ಗಟ್ಟಿಯಾಗಿ ಉಚ್ಚರಿಸುವುದು. ಉಚ್ಚರಿಸಿದ ಕೂಡಲೇ “ಓ, ಇದು ನಮ್ಮಜ್ಜಿ ಹೇಳ್ತಿದ್ದ ಮಾತು!” ಅನ್ನುತ್ತಿದ್ದರು. ಕಣ್ಣು ನನ್ನದು, ಕಿವಿ ಅವರದು. ಮೂರು ವಾರ ಊಟದ ಮೇಜಿನ ಮೇಲೆ ಹೀಗೇ ನಡೆಯಿತು.

ಮೂರು ವಾರದಲ್ಲಿ ನಾನು ಪಂಡಿತನಾದೆ. ಅನ್ಕೊಂಡೆ.

ಆ ಸಾಲುಗಳ ಸಾರಾಂಶ ಇಷ್ಟು. ಇಂಥ ದಿನ, ಇಂಥಾಕೆ, ಇಂಥವನ ಹೆಂಡತಿ, ರಾತ್ರಿ ಹೊತ್ತು ಮನೆಯಲ್ಲಿ ಬೇರೊಬ್ಬ ಗಂಡಸನ್ನು ಇರಿಸಿಕೊಂಡಿದ್ದಳೆಂದು ದೂರು ಬಂದಿದೆ. ಮುಂದಿನ ಭಾನುವಾರ ಹಾಜರಾಗತಕ್ಕದ್ದು. ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಮೇಲೂ ಹೆಂಗಸಿನ ಹೆಸರು ದಾಖಲೆಯಲ್ಲಿ ತವರಿನ ಮನೆತನದ ಹೆಸರೇ ಆಗಿರುತ್ತದೆ, ಪಕ್ಕದಲ್ಲಿ ‘ಇಂಥವನ ಸ್ಪೌಸ್’ ಅಂತ. ಆದ್ದರಿಂದ ಗಂಡ ಯಾರು, ಮನೆಗೆ ಬಂದವನು ಯಾರು ಎರಡೂ ಸ್ಪಷ್ಟವಾಗಿತ್ತು. ನಾನು ತೀರ್ಪು ಕೊಟ್ಟೆ: ವ್ಯಭಿಚಾರ. ಅಷ್ಟೇ ಹೇಳಿ ಸುಮ್ಮನಿರಬೇಕಿತ್ತು. ಓದಿಕೊಂಡಿದ್ದೆನಲ್ಲ, ಕಾನೂನನ್ನೂ ಹೇಳಿದೆ. ಮದುವೆಯಾಗದವರ ತಪ್ಪಿಗೆ ಸಾಮಾನ್ಯವಾಗಿ ಮೂರು ಭಾನುವಾರದ ಸ್ಟೂಲು. ಮದುವೆಯಾದವರದಾದರೆ ತಿಂಗಳುಗಟ್ಟಲೆ ಗೋಣಿತಟ್ಟು, ವಿಷಯ ಮೇಲಿನ ಪ್ರೆಸ್ಬಿಟರಿಗೂ ಹೋಗುತ್ತದೆ. 1563ರ ಒಂದು ಕಾಯಿದೆಯ ಪ್ರಕಾರ ಬಹಿರಂಗ ವ್ಯಭಿಚಾರಕ್ಕೆ ಮರಣದಂಡನೆಯೂ ಇತ್ತು. ಎಲ್ಲರನ್ನೂ ಕೊಂದರು ಅಂತಲ್ಲ, ಆದರೆ ಕಾಯಿದೆ ಇತ್ತು.

ಅಜ್ಜಿ “ಹಾಗಾ” ಅಂದರು. ತಮ್ಮ ವಂಶವೃಕ್ಷದ ದೊಡ್ಡ ಹಾಳೆಯಲ್ಲಿ ಆ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಏನೋ ಗುರುತು ಹಾಕಿದರು. ಕ್ರಿಸ್‌ಮಸ್ ದಿನ ಟೊರೊಂಟೊದಲ್ಲಿರುವ ತಂಗಿಗೆ ವಿಡಿಯೋ ಕಾಲ್ ಮಾಡಿದಾಗ ಈ ಸುದ್ದಿಯೂ ಹೋಯಿತು. ಆ ಕಡೆಯಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಹೋ ಅಂತ ನಕ್ಕಿದ್ದು ಮಹಡಿಯ ಮೇಲಿದ್ದ ನನ್ನ ರೂಮಿಗೂ ಕೇಳಿಸಿತು. ಮುನ್ನೂರೈವತ್ತು ವರ್ಷದ ಹಿಂದಿನ ಹೆಂಗಸು, ಯಾರಿಗೆ ಏನು ನಷ್ಟ? ನಾನೂ ನಕ್ಕೆ.

ಹುಚ್ಚು ಹಿಡಿದಿತ್ತಲ್ಲ, ಜನವರಿ ಪೂರ್ತಿ ಅದೇ ಪುಸ್ತಕ ಓದಿದೆ. ಪ್ರಿನ್ಸಸ್ ಸ್ಟ್ರೀಟಿನ ಪೂರ್ವದ ತುದಿಯಲ್ಲಿರುವ ಜನರಲ್ ರಿಜಿಸ್ಟರ್ ಹೌಸಿಗೂ ಹೋಗಿಬಂದೆ. 1774ರಲ್ಲಿ ರಾಬರ್ಟ್ ಆಡಂ ನಕ್ಷೆಯ ಪ್ರಕಾರ ಕಟ್ಟಲು ಶುರುಮಾಡಿದ, ದಾಖಲೆ ಇಡಲೆಂದೇ ಕಟ್ಟಿದ ಕಟ್ಟಡ. ಚರ್ಮದ ಹೊದಿಕೆಯ ಪುಸ್ತಕ ಮುಟ್ಟಬಹುದು ಅಂತ ಆಸೆಯಿಂದ ಹೋದವನಿಗೆ ಅಲ್ಲೂ ಕೊಟ್ಟಿದ್ದು ಸ್ಕ್ರೀನೇ.

ನಡತೆಯ ವಿಚಾರಣೆ ಅಂತ ಓದಲು ಹೋದರೆ ಪುಟಗಟ್ಟಲೆ ಇರುವುದು ಕಾಸಿನ ಲೆಕ್ಕ. ಊರಿನ ಬಡವರನ್ನು ಸಾಕುವ ಹೊಣೆಯೂ ಸೆಷನ್ನಿನದೇ ಆಗಿತ್ತು. ಕುರುಡಿ ಮುದುಕಿಗೆ ಇಷ್ಟು, ಹಡಗು ಒಡೆದು ಬಂದ ನಾವಿಕನಿಗೆ ಇಷ್ಟು, ಬಡ ಹುಡುಗನ ಶಾಲೆ ಫೀಸಿಗೆ ಇಷ್ಟು, ಉತ್ತರ ಆಫ್ರಿಕದ ಕಡಲ್ಗಳ್ಳರು ಹಿಡಿದುಕೊಂಡು ಹೋದವರನ್ನು ಬಿಡಿಸಲು ಎತ್ತಿದ ಚಂದಾ ಇಷ್ಟು. ಎಲ್ಲ ಸ್ಕಾಟ್ಸ್ ಪೌಂಡಿನಲ್ಲಿ, ಅಂಥ ಹನ್ನೆರಡು ಪೌಂಡ್ ಸೇರಿದರೆ ಇಂಗ್ಲೆಂಡಿನ ಒಂದು ಪೌಂಡು. ಕಾಣಿಕೆ ಡಬ್ಬಿಗೆ ಜನ ನಡೆಯದ ಡಚ್ ತಾಮ್ರದ ಕಾಸು ಹಾಕುತ್ತಿದ್ದರು ಅನ್ನುವುದನ್ನು ಓದಿ ನಮ್ಮೂರ ದೇವಸ್ಥಾನದ ಹುಂಡಿ ನೆನಪಾಯಿತು. ಕೊರಳಿಗೆ ಕಬ್ಬಿಣ ಹಾಕಿಸಿದ ಅದೇ ಹಿರಿಯರು ಅನಾಥ ಕೂಸಿಗೆ ಹಾಲೂಡಿಸುವ ದಾದಿಯ ಸಂಬಳವನ್ನೂ ಚರ್ಚಿಸುತ್ತಾರೆ. ಅವರನ್ನು ಪೂರ್ತಿ ದ್ವೇಷಿಸಲು ನನಗೆ ಆಗಲಿಲ್ಲ. ಪೂರ್ತಿ ಕ್ಷಮಿಸಲೂ ಆಗಲಿಲ್ಲ, ಯಾಕೆಂದರೆ ಮಾಟಗಾತಿಯರ ಪುಟಗಳೂ ಇಂಥ ಪುಸ್ತಕಗಳಲ್ಲೇ ಇವೆ.

ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರ ತನಕ ಮಾಟ ಮಾಡುವುದು ಮರಣದಂಡನೆಯ ಅಪರಾಧ. ಬಹಳ ಸಲ ಮೊದಲ ಪಿಸುಮಾತು ಬರುತ್ತಿದ್ದದ್ದು ಕರ್ಕ್ ಸೆಷನ್ನಿಗೆ. ಅಲ್ಲಿ ಹೇಳಿಕೆ ಬರೆದುಕೊಂಡು, ಆಮೇಲೆ ವಿಚಾರಣೆಗೆ ಮೇಲಿನಿಂದ ಅಪ್ಪಣೆ ತರಿಸುವುದು. ಎಡಿನ್‌ಬರಾ ವಿಶ್ವವಿದ್ಯಾಲಯದ ಇತಿಹಾಸಕಾರರು ಈ ದಾಖಲೆಗಳನ್ನೆಲ್ಲ ಜಾಲಾಡಿ 2003ರಲ್ಲಿ ಒಂದು ಡೇಟಾಬೇಸ್ ಮಾಡಿದರು. ಆರೋಪಕ್ಕೆ ಗುರಿಯಾದವರು ಅದರ ಪ್ರಕಾರ 3,837. ಹೆಚ್ಚುಕಡಿಮೆ 84 ಶೇಕಡಾ ಹೆಂಗಸರು. ಇವರಲ್ಲಿ ಹೆಸರು ಸಿಕ್ಕಿರುವುದು 3,212 ಜನರದು. 2019ರಲ್ಲಿ ಅದೇ ವಿಶ್ವವಿದ್ಯಾಲಯದ ಒಬ್ಬ ಇಂಟರ್ನ್ ಹುಡುಗಿ ಇವರ ಊರುಗಳನ್ನು ಪತ್ತೆ ಮಾಡಿ ಮ್ಯಾಪಿನ ಮೇಲೆ ಗುರುತು ಹಾಕಿದಳು. 2022ರ ಮಾರ್ಚ್ 8ಕ್ಕೆ ಅಲ್ಲಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಇವರೆಲ್ಲರ ಕ್ಷಮೆ ಕೇಳಿದರು, ಮೇ ತಿಂಗಳಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಕೂಡ ಕೇಳಿತು.

ಡೇಟಾಬೇಸ್ ಅಂದರೆ ನನಗೆ ಟೇಬಲ್ಲು, ಕಾಲಮ್ಮು, ಕ್ವೆರಿ. ಈಗ ಆ 3,212 ಅನ್ನುವ ಅಂಕಿ ಬೇರೆ ಥರ ಕಾಣತೊಡಗಿತು. ಅದರಲ್ಲಿರುವ ಹೆಸರುಗಳನ್ನು ಯಾರೋ ಒಬ್ಬರು ಕಡ್ಡಿ ಎಣಿಸಿ, ಬಾಲ ನೋಡಿ, ಇದು ಸಿ ಇರಬೇಕು, ಆರ್ ಅಲ್ಲ ಅಂತ ನಿರ್ಧರಿಸಿದ್ದಾರೆ. ಎರಡು ಪುಟದಲ್ಲಿ ಎರಡು ಥರ ಬರೆದ ಹೆಸರು ಒಬ್ಬಳದೋ ಇಬ್ಬರದೋ ಅಂತ ತೀರ್ಮಾನಿಸಿದ್ದಾರೆ. ಕ್ಷಮೆ ಕೇಳಲಿಕ್ಕೆ ಮೊದಲು ಹೆಸರು ಓದಲು ಬರಬೇಕಲ್ಲ.

ಫೆಬ್ರವರಿಯ ಒಂದು ರಾತ್ರಿ ಅದೇ ಪುಸ್ತಕದ ಬೇರೊಂದು ಪುಟದಲ್ಲಿ ಬಡವರ ಪಟ್ಟಿ ಓದುತ್ತಿದ್ದೆ. ವಿಧವೆಯರಿಗೆ ಕೊಟ್ಟ ಹಣ. ಪ್ರತಿ ಗಂಡಸಿನ ಹೆಸರಿನ ಹಿಂದೆ ಒಂದು ಗೀಚು. ಮೊದಲು ವಿ ಥರದ್ದೊಂದು, ಆಮೇಲೆ ಮೂರು ಕಡ್ಡಿ, ಆಮೇಲೆ ಬಾಲ ಬಿಟ್ಟ ಕ್ಯೂ, ಅದರ ತಲೆಯ ಮೇಲೆ ಚಿಕ್ಕದಾಗಿ ಎರಡಕ್ಷರ. ಇದನ್ನು ಎಲ್ಲೋ ನೋಡಿದೀನಲ್ಲ ಅನ್ನಿಸಿತು. ಆ ಕಾಲದಲ್ಲಿ ಯು ಮತ್ತು ವಿ ಒಂದೇ. ಹಾಗಾದರೆ ಯು, ಎಂ, ಕ್ಯೂ… ಪಾಠದ ಪದಪಟ್ಟಿ ತೆಗೆದೆ. ‘ಅಮ್‌ವೈಲ್’. ಅರ್ಥ, ದಿವಂಗತ.

ನಮ್ಮೂರಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಹೆಂಗಸಿನ ಹೆಸರಾದ ಮೇಲೆ ‘ಕೋಂ’ ಅಂತ ಇರುತ್ತದೆ, ಇಂಥವರ ಹೆಂಡತಿ ಅಂತ. ಗಂಡ ತೀರಿಕೊಂಡ ಮೇಲೆ ಅದು ‘ಕೋಂ ಲೇಟ್’ ಆಗುತ್ತದೆ. ನಮ್ಮಜ್ಜಿಯ ಹೆಸರಿನ ಮುಂದೆ ಆ ‘ಲೇಟ್’ ಸೇರಿಸಲು ಅಪ್ಪ ತಾಲ್ಲೂಕು ಕಚೇರಿಗೆ ಎಷ್ಟು ಸಲ ಓಡಾಡಿದ್ದರು ಅನ್ನುವುದು ನನಗೆ ಗೊತ್ತು. ಆ ಒಂದು ಪದ ಇಲ್ಲದೆ ಅಜ್ಜಿಗೆ ಬರಬೇಕಾಗಿದ್ದ ಪಿಂಚಣಿ ನಿಂತಿತ್ತು.

ಡಿಸೆಂಬರಿನ ಪುಟ ತೆರೆದೆ. ‘ಇಂಥವನ ಸ್ಪೌಸ್’ ಅನ್ನುವ ಕಡೆ ಝೂಮ್ ಮಾಡಿದೆ. ಸ್ಪೌಸ್ ಅನ್ನುವ ಪದಕ್ಕೂ ಗಂಡನ ಹೆಸರಿಗೂ ನಡುವೆ, ಸಾಲಿನ ಕೊನೆಯಲ್ಲಿ ಜಾಗ ಸಾಲದೆ ಇರುಕಿಸಿದ ಹಾಗೆ, ಒಂದು ಗೀಚು. ಗುಮಾಸ್ತ ತಪ್ಪು ಬರೆದು ಹೊಡೆದು ಹಾಕಿದ್ದಾನೆ ಅಂತ ನಾನು ಬಿಟ್ಟಿದ್ದ ಗೀಚು. ವಿ, ಮೂರು ಕಡ್ಡಿ, ಕ್ಯೂ, ಮೇಲೆ ಎರಡಕ್ಷರ. ಎಕ್ಸೆಲ್ ಶೀಟಿನಲ್ಲಿದ್ದ ಚಿತ್ರಗಳ ಪಕ್ಕ ಇಟ್ಟು ಹೋಲಿಸಿದೆ. ಇನ್ನೊಮ್ಮೆ ಹೋಲಿಸಿದೆ. ಅವಳ ಗಂಡ ಸತ್ತಿದ್ದ.

ಮುಂದಿನ ಪುಟಗಳನ್ನು ನಾನು ಡಿಸೆಂಬರಿನಲ್ಲಿ ತಿರುವಿಯೇ ಇರಲಿಲ್ಲ. ತೀರ್ಪು ಕೊಟ್ಟ ಮೇಲೆ ಯಾಕೆ ಬೇಕು? ಈಗ ತಿರುವಿದೆ. ಆಕೆ ಹಾಜರಾಗಿದ್ದಾಳೆ. ಹಿರಿಯರು ಬುದ್ಧಿ ಹೇಳಿದ್ದಾರೆ. ನಾಲ್ಕು ಪುಟ ದಾಟಿದ ಮೇಲೆ ಅದೇ ಹೆಂಗಸು, ಅದೇ ಗಂಡಸು, ಮದುವೆಯ ಘೋಷಣೆಗೆ ಹೆಸರು ಕೊಟ್ಟಿದ್ದಾರೆ. ಮದುವೆ ತನಕ ಸರಿಯಾಗಿ ನಡೆದುಕೊಳ್ಳುತ್ತೇವೆ ಅಂತ ಠೇವಣಿ ಇಡಿಸಿಕೊಳ್ಳುವುದು ಆಗಿನ ಪದ್ಧತಿ, ಅದನ್ನೂ ಇಟ್ಟಿದ್ದಾರೆ. ಇಷ್ಟೇ ವಿಷಯ.

ರಾತ್ರಿ ಹನ್ನೊಂದಾಗಿತ್ತು. ಪುಟವನ್ನು ಪಾಠದಲ್ಲಿ ಹೇಳಿಕೊಟ್ಟ ನಿಯಮದ ಪ್ರಕಾರವೇ ಮತ್ತೆ ಬರೆದೆ. ಕಾಗುಣಿತ ತಿದ್ದಬಾರದು, ಗುಮಾಸ್ತ ಬಿಟ್ಟ ಅಕ್ಷರಗಳನ್ನು ನಾವು ಸೇರಿಸಿದರೆ ಚೌಕ ಕಂಸದೊಳಗೆ ಹಾಕಬೇಕು, ಓದಲಾಗದ್ದನ್ನು ಓದಲಾಗಲಿಲ್ಲ ಅಂತಲೇ ಬರೆಯಬೇಕು. ಡಿಸೆಂಬರಿನಲ್ಲಿ ನಾನು ಇದರಲ್ಲಿ ಒಂದನ್ನೂ ಪಾಲಿಸಿರಲಿಲ್ಲ. ಗೀಚು ಇದ್ದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೂ ಸಾಕಿತ್ತು.

ಬೆಳಿಗ್ಗೆ ಪ್ರಿಂಟ್ ತೆಗೆದುಕೊಂಡು ಹೋಗಿ ಅಜ್ಜಿಯ ಮುಂದೆ ಇಟ್ಟು, ತಪ್ಪು ನನ್ನದು ಅಂದೆ. ಕನ್ನಡಕ ಹಾಕಿಕೊಂಡು ಅವರು ಅಕ್ಷರ ಅಕ್ಷರವಾಗಿ, ತುಟಿ ಅಲ್ಲಾಡಿಸಿಕೊಂಡು ಓದಿದರು. ಆ ಪದದ ಹತ್ತಿರ ಬಂದಾಗ ಗಟ್ಟಿಯಾಗಿ ಉಚ್ಚರಿಸಿದರು. ಆಮೇಲೆ ಎದ್ದು ಹೋಗಿ ವಂಶವೃಕ್ಷದ ಹಾಳೆ ತಂದು ಮೇಜಿನ ಮೇಲೆ ಹರಡಿ, ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಉಜ್ಜಿದರು. ಪೂರ್ತಿ ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿ, ರಬ್ಬರಿನ ಪುಡಿಯನ್ನು ಅಂಗೈಯಿಂದ ಸರಿಸಿ, ಗೋಡೆಯ ಗಡಿಯಾರ ನೋಡಿದರು.

“ಟೊರೊಂಟೊದಲ್ಲಿ ಈಗ ಎಷ್ಟು ಗಂಟೆ?”

ಐದು ಗಂಟೆ ಹಿಂದೆ. ಅಲ್ಲಿ ಇನ್ನೂ ಬೆಳಗಿನ ಜಾವ ನಾಲ್ಕು.

“ಪರವಾಗಿಲ್ಲ, ಏಳಲಿ” ಅಂತ ಅಜ್ಜಿ ಫೋನ್ ಎತ್ತಿಕೊಂಡರು.